ಚರಂಡಿಗೆ ಬಿಡುವ ನೀರಿನ ಬಿಸಿ

ಆಗ ನಾನು ಕೊಟ್ಟೂರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್. ಇಡ್ಲಿ ಹೋಟೆಲಿನ ಗಂಗಮ್ಮ ಚೆಲ್ಲಿದ ಬಿಸಿನೀರಿಗೆ, ಚರಂಡಿ ಬಳಿಯುವ ದುರುಗಪ್ಪನ ಪಾದದಲ್ಲಿ ಬೊಬ್ಬೆಗಳು ಎದ್ದಿದ್ದವು. ನೋಟಿಸು ಹಿಡಿದು ಹೋದೆ.

“ಸಾರ್ವಜನಿಕ ಚರಂಡಿಗೆ ಬಿಸಿನೀರು ಬಿಡುವಂತಿಲ್ಲ. ಇನ್ನೊಮ್ಮೆ ಬಿಟ್ಟರೆ ಹೋಟೆಲು ಮುಚ್ಚಿಸಬೇಕಾಗುತ್ತೆ,” ಎಂದೆ.

“ಎಷ್ಟು ಬಿಸಿ ಇದ್ರ ಬಿಡಬಾರದ್ರಿ?”

ನಿಯಮದಲ್ಲಿ ಡಿಗ್ರಿ ಲೆಕ್ಕ ಇತ್ತು, ನನ್ನ ಹತ್ತಿರ ಥರ್ಮಾಮೀಟರ್ ಇರಲಿಲ್ಲ. “ಕೈ ತಡೆಯದಷ್ಟು,” ಎಂದೆ.

“ಯಾರ ಕೈರಿ?”

ಗಂಗಮ್ಮ ಆಗಷ್ಟೇ ಒಲೆಯಿಂದ ಇಳಿಸಿದ ಇಡ್ಲಿ ಪಾತ್ರೆಯ ನೀರಿಗೆ ಬೆರಳು ಅದ್ದಿ ನಿಧಾನವಾಗಿ ತೆಗೆದಳು. “ನನಗೇನು ಬಿಸಿ ಅನಸವಲ್ದು. ನೀವೂ ನೋಡ್ರಿ.”

ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಮರ್ಯಾದೆಗೆ ಅಂಜಿ ನಾನೂ ಬೆರಳು ಅದ್ದಿದೆ. ಕಣ್ಣಲ್ಲಿ ನೀರು ಬಂತು.

ಗಂಗಮ್ಮನ ಮುಖ ಇಳಿಯಿತು. ನನ್ನ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, “ದುರುಗಪ್ಪಗೂ ಹಿಂಗ ಉರಿದಿತ್ತೇನ್ರಿ?” ಎಂದಳು.

“ಅವನದು ಇಡೀ ಪಾದ,” ಎಂದೆ.

ಮರುದಿನದಿಂದ ಆ ನೀರು ಬಕೆಟ್ಟಿನಲ್ಲಿ ಆರಿದ ಮೇಲೆಯೇ ಚರಂಡಿ ಸೇರಿತು. ನೋಟಿಸು ಕೊಡಲಿಲ್ಲ. ವರದಿ ಬರೆಯುವಾಗ ಮಾತ್ರ ‘ತಪಾಸಣೆಗೆ ಬಳಸಿದ ಉಪಕರಣ’ ಎಂಬ ಕಾಲಮಿನಲ್ಲಿ ಸಿಕ್ಕಿಬಿದ್ದೆ. ಸುಳ್ಳು ಬರೆಯಲು ಮನಸ್ಸು ಬಾರದೆ, ‘ಬಲಗೈ ತೋರುಬೆರಳು, ಸದ್ಯ ದುರಸ್ತಿಯಲ್ಲಿದೆ’ ಎಂದು ಬರೆದೆ.