ಲೋಂಡಾದ ಹಲಗೆ ಓದಿದ ಬೆಕ್ಕು

ಮಲಗಿದ್ದ ಬೆಕ್ಕಿಗೆ ಇಪ್ಪತ್ತೇ ನಿಮಿಷಗಳಲ್ಲಿ ಮರಾಠಿ ಓದಲು ಕಲಿಸಿದವನು ಈ ಭೂಮಂಡಲದಲ್ಲಿ ನಾನೊಬ್ಬನೇ. ಕಣ್ಣು ಕಂಡದ್ದನ್ನು ಮಿದುಳು ಹೇಗೆ ಅರಿಯುತ್ತದೆಂಬ ಶಾಸ್ತ್ರದಲ್ಲಿ ನಮ್ಮ ಸೀಮೆಗೆ ಹೆಸರು ತಂದವರು ಇಬ್ಬರು: ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ಪ್ರಮಿಳಾ ಪಾರಿಶ್ವಾಡ ಅವರು ಮತ್ತು ಅವರ ಶಿಷ್ಯ ಸೋಮಲಿಂಗನಾದ ನಾನು. ಮೇಡಂ ಅವರ ಈ ಅಭಿನಂದನ ಗ್ರಂಥದ ಸಂಪಾದಕಿ ನಜ್ಮುನ್ನಿಸಾ ಅವರ ಒತ್ತಾಯಕ್ಕೆ ಮಣಿದು ಮೇಡಂ ಹೆಸರನ್ನು ಮೊದಲು ಬರೆದಿದ್ದೇನೆ.

ಖಾನಾಪುರ ತಾಲೂಕಿನ ರೈತ ಮನೆತನದಲ್ಲಿ ಹುಟ್ಟಿ, ಬೆಳಗಾವಿಯ ವೈದ್ಯಕೀಯ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಬೋಧಿಸಿದ ಮೇಡಂ ಅವರಿಗೆ ಸಂಶಯವೇ ಕುಲದೇವರು. ಹಿಂದವಾಡಿಯ ಅವರ ಮನೆಗೆ ಹಾಲು ತರುವ ಬಸವಣ್ಣೆವ್ವ ‘ಎಮ್ಮಿ ಹಾಲ್ರೀ’ ಎಂದರೆ, ‘ಯಾವ ಎಮ್ಮಿ?’ ಎಂದು ಕೇಳುವವರು. ನನಗೆ ಜ್ವರ ಬಂದಾಗ ಹದಿನೈದು ದಿನ ಗಂಜಿಯ ಡಬ್ಬಿ ಕಳಿಸಿದವರೂ ಅವರೇ. ಜ್ವರ ನಿಜವೇ ಎಂದು ಮೊದಲ ದಿನವೇ ಥರ್ಮಾಮೀಟರು ಹಿಡಿದು ಬಂದವರೂ ಅವರೇ.

ಹದಿನಾಲ್ಕು ವರ್ಷಗಳ ಹಿಂದೆ, ಮಂಪರು ಕೊಟ್ಟು ಮಲಗಿಸಿದ ಬೆಕ್ಕಿನ ಮಿದುಳಿನ ಹಿಂಭಾಗದಲ್ಲಿ, ನೋಟಕ್ಕೆ ಮೀಸಲಾದ ಪದರದೊಳಗೆ ಕೂದಲಿಗಿಂತ ತೆಳುವಾದ ತಂತಿಯಿಟ್ಟು, ಒಂದೇ ಒಂದು ನರಕೋಶದ ಸದ್ದನ್ನು ಸ್ಪೀಕರಿನಲ್ಲಿ ಕೇಳುತ್ತಿದ್ದೆವು. ಬೆಕ್ಕಿನ ತೆರೆದಿಟ್ಟ ಕಣ್ಣಿಗೆ ಚಿತ್ರ ತೋರಿಸುವುದು ನನ್ನ ಕೆಲಸ. ಹೂವು, ಇಲಿ, ನನ್ನದೇ ಸುಂದರ ಭಾವಚಿತ್ರ — ಕೋಶ ಪಿಟ್ಟೆನ್ನಲಿಲ್ಲ. ನನ್ನೂರು ಲೋಂಡಾ ಸ್ಟೇಷನ್ನಿನ ಹಲಗೆಯ ಫೋಟೊ ಹಿಡಿದೆ. ಕನ್ನಡದ ಸಾಲಿಗೆ ಮೌನ. ದೇವನಾಗರಿಯ ಸಾಲಿಗೆ ಅರಳು ಸಿಡಿದಂತೆ ಪಟಪಟ!

‘ಮೇಡಂ ರೀ, ಈ ಕೋಶಕ್ಕ ಮರಾಠಿ ಬರತೈತ್ರಿ!’

‘ಮಲಗಿದ ಬೆಕ್ಕು ಓದತೈತಿ ಅಂದ್ರ, ಎಚ್ಚರಿದ್ದಾವ ನೀ ಯಾಕ ಓದವಲ್ಲಿ? ಫೋಟೊ ಕಾಲು ಸುತ್ತು ತಿರುವು.’

ತಿರುವಿದೆ, ಕೋಶ ಮೌನ. ಆಗ ಮಿಂಚಿನಂತೆ ನನಗೇ ಹೊಳೆಯಿತು: ಅಕ್ಷರ ಬಿಟ್ಟು ಬರಿಯ ಅಡ್ಡಗೆರೆ ತೋರಿಸಿದೆ, ಪಟಪಟ. ಕನ್ನಡದ ಲೋಂಡಾಕ್ಕೂ ತಲೆಯ ಮೇಲೊಂದು ಗೆರೆ ಎಳೆದೆ, ಪಟಪಟ. ಕೋಶ ಮಿಡಿದದ್ದು ಮರಾಠಿಗಲ್ಲ, ಆ ಅಕ್ಷರಗಳ ತಲೆಗೆರೆಗೆ. ಒಂದು ಕೋಶಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಓರೆಗೆರೆ. ಇಂಥವು ಅಸಂಖ್ಯ ಕೂಡಿದಾಗಲೇ ನಮಗೊಂದು ಅಕ್ಷರ, ಒಂದು ಮುಖ ಕಾಣುವುದು.

ಅಷ್ಟರಲ್ಲಿ ಯಾರೋ ಪತ್ರಿಕೆಗೆ ಸುದ್ದಿ ಮುಟ್ಟಿಸಿದ್ದರು. ‘ಬೆಳಗಾವಿ ಬೆಕ್ಕಿಗೆ ಮರಾಠಿಯೇ ಪ್ರಿಯ’ ಎಂದು ಅಚ್ಚಾಯಿತು. ಬೆಳಗಾವಿಯಲ್ಲಿ ಇದು ಹುಡುಗಾಟದ ಮಾತಲ್ಲ; ಎರಡೂ ಭಾಷೆಯವರು ಕಾಲೇಜಿನ ಗೇಟಿಗೆ ಬಂದರು. ವಿಚಾರಣೆಯಲ್ಲಿ ಮೇಡಂ ‘ಅವಸರ ನಂದ್ರಿ’ ಎಂದು ತಪ್ಪು ಹೊತ್ತರು. ಅವರಿಗೆ ಬರಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಕೈತಪ್ಪಿತು. ಆ ‘ಯಾರೋ’ ಯಾರೆಂದು ಇಂದಿಗೂ ಗೊತ್ತಿಲ್ಲ. ಜವಾನ ಮೈಲಾರಲಿಂಗನ ಮೇಲೆ ನನಗೆ ಬಲವಾದ ಸಂಶಯವಿತ್ತು. ನಾಲ್ಕು ಜನರಿಗೆ ಹೇಳಿಯೂ ಇದ್ದೆ.

ಇಷ್ಟು ಬರೆದು ಕಳಿಸಿದೆ. ನಜ್ಮುನ್ನಿಸಾ ಆ ಪ್ರಯೋಗದ ದಿನಗಳಲ್ಲಿ ನನ್ನ ಸಹಪಾಠಿ. ಮರುದಿನವೇ ಪ್ರಯೋಗದ ಹಳೆಯ ನೋಂದಣಿ ಪುಸ್ತಕ ಹಿಡಿದು ಮನೆಗೆ ಬಂದರು.

‘“ಹನ್ನೊಂದೂ ಹತ್ತು, ಪೇಪರಿನವರಿಗೆ ಫೋನ್ ಮಾಡಿದೆ.” ಈ ಅಕ್ಷರ ಯಾರದೋ, ಸೋಮ್ಯಾ? ಮೈಲಾರಲಿಂಗಣ್ಣ ಅವತ್ತ ಮಗಳ ಲಗ್ನಕ್ಕ ಖಾನಾಪುರಕ್ಕ ಹೋಗಿದ್ದ.’

‘ಮೇಡಂಗ ತೋರಿಸಬ್ಯಾಡ, ನಜ್ಮಾ.’

‘ತಳಗ ನೋಡು. ಅವರ ಸಹಿ ಐತಿ. ಅದ ದಿವಸದ್ದು.’

ಖರೆ ಹೇಳುತ್ತೇನೆ. ಫೋನು ಮಾಡಿದವನು ನಾನು; ಮೇಡಂಗೆ ಅದು ಅಂದೇ ಗೊತ್ತಿತ್ತು. ಗೆರೆಯ ಪರೀಕ್ಷೆ ಪೂರ್ತಿ ಮೇಡಂ ಅವರದು. ನಾನು ಫೋಟೊ ಹಿಡಿದಿದ್ದೆ, ಅಷ್ಟೇ. ಮೈಲಾರಲಿಂಗ ಅವರಿಗೆ ಇದನ್ನು ಓದಿ ಹೇಳಿ, ಕಾಲು ಮುಟ್ಟಿ ಬಂದ ಮೇಲೆಯೇ ಅಚ್ಚಿಗೆ ಕೊಡುತ್ತಿದ್ದೇನೆ. ಮೇಡಂ ನೂರು ವರ್ಷ ಬಾಳಲಿ, ನಮ್ಮಂಥವರು ತಂದ ಪ್ರತಿ ಫೋಟೊವನ್ನೂ ತಿರುವಿ ನೋಡುತ್ತಿರಲಿ. ಈ ಲೇಖನವನ್ನೂ ಅವರು ನಂಬಲಿಕ್ಕಿಲ್ಲ. ನೋಂದಣಿ ಪುಸ್ತಕ ನಜ್ಮುನ್ನಿಸಾ ಅವರ ಹತ್ತಿರವಿದೆ.