ಕಣ್ಣು ಮುಚ್ಚಬಾರದ ಕುರ್ಚಿ

ನನ್ನ ತಮ್ಮನಿಗೆ ತಲೆ ಕೆಟ್ಟಿದೆ ಎಂದು ಪರಿಹಾರ ಶಿಬಿರದಲ್ಲಿ ಗುಸುಗುಸು ಎದ್ದಾಗ ನನಗೆ ಮೈಯೆಲ್ಲ ಉರಿಯಿತು. ಪ್ರವಾಹ ನಮ್ಮ ಮನೆ ನುಂಗಿತ್ತು, ಅವನ ಕ್ಷೌರದಂಗಡಿ ನುಂಗಿತ್ತು. ಉಳಿದಿದ್ದ ಒಬ್ಬ ತಮ್ಮನನ್ನೂ ಈ ಜನರ ಬಾಯಿಗೆ ಬಿಟ್ಟುಕೊಡಲು ನಾನೇನು ಸತ್ತುಹೋಗಿದ್ದೆನೆ?

ಹಾಗಂತ ಅವರದ್ದು ಪೂರ್ತಿ ಸುಳ್ಳೂ ಅಲ್ಲ. ಶಿಬಿರದ ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟರೆ ನೊರೆ ಹಚ್ಚುವವರೆಗೂ ಸರಿಯಾಗಿರುತ್ತಿದ್ದ. ಕತ್ತಿ ಹಿಡಿದೊಡನೆ ಕೈ ಗಡಗಡ ನಡುಗುತ್ತಿತ್ತು. ಗಿರಾಕಿಗಳು ಅರ್ಧ ನೊರೆಯಲ್ಲೇ ಎದ್ದು ಓಡುತ್ತಿದ್ದರು.

ಶಿಬಿರದ ಮೇಲ್ವಿಚಾರಕರು ಅವನಿಗೆ ಗೋದಾಮು ಕಾಯುವ ಕೆಲಸ ಹುಡುಕಿದರು, ನಾಳೆಯೇ ಸೇರಬೇಕಂತೆ. ತಮ್ಮ ಹೂಂ ಅಂದುಬಿಟ್ಟ. ನೀರು ನುಗ್ಗಿದಾಗ ಕಂಕುಳಲ್ಲಿಟ್ಟುಕೊಂಡು ಓಡಿಬಂದಿದ್ದ ಕತ್ತಿ ಕತ್ತರಿಯ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟ.

"ಯಾರಿಗಾದ್ರೂ ಕೊಟ್ಬಿಡಕ್ಕ."

"ಕೊಡ್ತೀನಿ. ಮೊದ್ಲು ಕೈ ಯಾಕೆ ನಡುಗುತ್ತೆ ಹೇಳು."

ಪೆಟ್ಟಿಗೆಯನ್ನು ನನ್ನ ಕಡೆಗೆ ಇನ್ನಷ್ಟು ತಳ್ಳಿದ. "ಕೂತೋರು ಕಣ್ಣು ಮುಚ್ತಾರಲ್ಲ."

ಆಗ ಅರ್ಥವಾಯಿತು. ನೀರಿಳಿದ ಮೇಲೆ ಸಿಕ್ಕ ಹೆಣಗಳ ಗುರುತು ಹಿಡಿಯಲು ಇವನನ್ನೇ ಕರೆದೊಯ್ದಿದ್ದರು. ನಮ್ಮೂರ ಗಂಡಸರ ಮುಖ ಇವನಷ್ಟು ಬಲ್ಲವರು ಯಾರು? ಕೆಸರು ಒರೆಸಿ ಒರೆಸಿ ಒಬ್ಬೊಬ್ಬರ ಹೆಸರು ಹೇಳಿದ್ದ. ಈಗ ಕುರ್ಚಿಗೊರಗಿ ಕಣ್ಣು ಮುಚ್ಚಿದವರೆಲ್ಲ ಅವನಿಗೆ ಹೆಣವೇ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಇದನ್ನ ಶಿಬಿರದ ಡಾಕ್ಟರಮ್ಮನಿಗೆ ಹೇಳೋಣ, ನಾನೂ ಬರ್ತೀನಿ," ಎಂದೆ. "ಆದ್ರೆ ಕಸುಬು ಬಿಡಕೂಡದು. ಕಣ್ಣು ಬಿಟ್ಕೊಂಡೇ ಕೂರ್ಲಿ, ಏನೀಗ? ರೀ, ಬನ್ನಿ ಇಲ್ಲಿ."

ನನ್ನ ಗಂಡ ಬಸ್ ಕಂಡಕ್ಟರು, ಬಾಯಿ ಮುಚ್ಚಿಕೊಂಡು ಕೂತು ಗೊತ್ತಿಲ್ಲದ ಮನುಷ್ಯ. "ಕುತ್ತಿಗೆ ಹೋದ್ರೆ ನಷ್ಟ ನಿನಗೇ ಕಣೆ," ಎಂದು ಗೊಣಗುತ್ತಲೇ ಕುರ್ಚಿಯಲ್ಲಿ ಕೂತರು. ಮೇಲ್ವಿಚಾರಕರೂ ಸೇರಿ ಶಿಬಿರವೇ ಸುತ್ತ ನೆರೆಯಿತು. ನಮ್ಮವರು ಕಣ್ಣು ಅಗಲಿಸಿಕೊಂಡು ಮಳೆ, ಸರ್ಕಾರ, ಶಿಬಿರದ ಊಟ, ನನ್ನ ತವರುಮನೆ, ಯಾವುದನ್ನೂ ಬಿಡದೆ ಬೈಯತೊಡಗಿದರು. ಕತ್ತಿ ನಡುಗಿತು, ನಿಂತಿತು, ಮತ್ತೆ ಕೆನ್ನೆಗಿಳಿಯಿತು. ಒಂದು ಕಡೆ ಚರ್ಮ ಗೀರಿ ಕೆಂಪಗಾಯಿತು.

"ರಕ್ತ ಬಂತಲ್ಲಪ್ಪ, ಸಾಕು ಬಿಡು," ಎಂದರು ಮೇಲ್ವಿಚಾರಕರು.

"ಬದುಕಿರೋರಿಗೆ ಬರುತ್ತೆ ಸಾರ್," ಎಂದ ತಮ್ಮ, ಭಾವನ ಗಲ್ಲ ಹಿಡಿದು ಆ ಕಡೆ ತಿರುಗಿಸುತ್ತ. "ಗೋದಾಮಿಗೆ ಬೇರೆಯವರನ್ನ ನೋಡ್ಕೊಳ್ಳಿ."