ದೆವ್ವದ ಸೀರೆಯ ಬಣ್ಣ

ಹೆದರಿಕೆಯ ಸಿನಿಮಾಗಳನ್ನು ನಾನು ಮ್ಯೂಟ್ ಮಾಡಿ ನೋಡುತ್ತೇನೆ.

ನಗಬೇಡಿ. ಒಮ್ಮೆ ನೀವೂ ಮಾಡಿ ನೋಡಿ. ಸೌಂಡ್ ತೆಗೆದ ದೆವ್ವ ಅಂದರೆ ತಲೆ ಬಾಚಿಕೊಳ್ಳಲು ಬೇಸರಪಟ್ಟ ಒಬ್ಬ ಹೆಣ್ಣುಮಗಳು, ಅಷ್ಟೆ. ಹೆದರಿಕೆ ಇರುವುದು ನಮ್ಮ ಕಣ್ಣಿನಲ್ಲಿ ಅಲ್ಲ, ಕಿವಿಯಲ್ಲಿ. ಬಾಗಿಲು ಕಿರ್ರೆಂದರೆ ಎದೆ ಧಸಕ್ ಎನ್ನುತ್ತದೆ. ಬಾಗಿಲು ಸುಮ್ಮನೆ ತೆರೆದರೆ ಯಾರೋ ಅಳಿಯ ಬಂದ ಎನಿಸುತ್ತದೆ.

ಅಷ್ಟು ಅಂಜಿಕೆ ಇದ್ದರೆ ನೋಡುವುದಾದರೂ ಯಾಕೆ, ಯಾರಾದರೂ ಕೊರಳಿಗೆ ಹಗ್ಗ ಹಾಕಿದ್ದಾರೇನು ಎಂದು ಹೆಂಡತಿ ಕೇಳುತ್ತಾಳೆ. ಹಾಕಿದ್ದೀರಲ್ಲ, ನೀವು! ಪೇಟೆಯಲ್ಲಿ ಎದುರಾದರೆ ಸಾಕು, ‘ಈ ವಾರ ಏನು ನೋಡಿದ್ರಿ ಸರ್, ಹೆಂಗದ?’ ಅಂತೀರಿ. ಅಭಿಪ್ರಾಯ ಇಲ್ಲದ ಅಂಕಣಕಾರ ಗದಗಿನ ಪೇಟೆಯಲ್ಲಿ ಓಡಾಡುವ ಹಾಗಿಲ್ಲ.

ಆದ್ದರಿಂದ ಮೊದಲು ಬಾಕಿ ತೀರಿಸಿಬಿಡುತ್ತೇನೆ. (ಹೆಸರು ಹೇಳುವುದಿಲ್ಲ. ಅಭಿಮಾನಿ ಬಳಗ ದೊಡ್ಡದು, ನನ್ನ ಎದೆ ಸಣ್ಣದು.) ಒಂದು ವೆಬ್ ಸೀರೀಸ್ ನೋಡಿದೆ. ಎಪಿಸೋಡಿಗೊಂದು ಕೊಲೆ, ಕೊಲೆಗಾರ ಹಾಲು ಹಾಕುವವನು. ಅರ್ಧದವರೆಗೆ ಚೆನ್ನಾಗಿದೆ, ಆಮೇಲೆ ಬರೆದವರಿಗೆ ನಿದ್ದೆ ಬಂದಿದೆ. ನನಗೆ ಮಾತ್ರ ನಿದ್ದೆ ಬಂದಿಲ್ಲ. ಈಗಲೂ ನಮ್ಮ ಹಾಲಿನವನ ಮುಖ ನೋಡದೆಯೇ ಪಾತ್ರೆ ಹಿಡಿಯುತ್ತೇನೆ. ಇನ್ನೊಂದು, ಸಂಜೆಯ ಧಾರಾವಾಹಿ. ಅತ್ತೆ ಸೋಮವಾರ ಪಾಯಸಕ್ಕೆ ವಿಷ ಹಾಕಿದಳು, ಶುಕ್ರವಾರವೂ ತಿರುವುತ್ತಲೇ ಇದ್ದಳು. ಅಷ್ಟು ಹೊತ್ತು ಕುದಿಸಿದರೆ ವಿಷವೇ ಸತ್ತುಹೋಗುವುದಿಲ್ಲವೇ?

ಮೂರನೆಯದು ಒಂದು ಬಾವಿಯ ದೆವ್ವದ ಸಿನಿಮಾ. ಅದನ್ನು ನೋಡಿದ್ದು ಬೆಟಗೇರಿಯಲ್ಲಿ, ನಮ್ಮ ಅಕ್ಕನ ಮನೆಯಲ್ಲಿ.

ಅಕ್ಕನನ್ನು ನಿಮಗೆ ಪರಿಚಯಿಸಬೇಕು. ಹೆಸರು ನೀಲವ್ವ. ನನಗಿಂತ ಹತ್ತು ವರ್ಷ ದೊಡ್ಡವಳು, ಹತ್ತು ಪಟ್ಟು ಗಟ್ಟಿ. ಚಿಕ್ಕಂದಿನಲ್ಲಿ ಕತ್ತಲಾದ ಮೇಲೆ ನಾನು ಹಿತ್ತಲಿಗೆ ಹೋಗಬೇಕಾದರೆ ಕಂದೀಲು ಹಿಡಿದು ಮುಂದೆ ನಡೆಯುತ್ತಿದ್ದವಳು. ಮನೆಯ ಪಡಸಾಲೆಯಲ್ಲಿ ಇವತ್ತಿಗೂ ಮಗ್ಗವಿದೆ, ಇವತ್ತಿಗೂ ನೇಯುತ್ತಾಳೆ. ಬೆಳಕಿಗಾಗಿ ಮಗ್ಗದ ಮುಖ ಕಿಟಕಿಯ ಕಡೆ. ಟೀವಿ ಹಿಂದಿನ ಗೋಡೆಗೆ. ಅಂದರೆ ಅಕ್ಕನ ಬೆನ್ನು ಟೀವಿಗೆ. ಎಳೆಯ ಮೇಲಿನ ಕಣ್ಣು ತೆಗೆದು ಹಿಂದೆ ತಿರುಗುವ ಹಾಗಿಲ್ಲವಲ್ಲ, ನೇಕಾರರ ಮನೆಗಳಲ್ಲಿ ಟೀವಿ ನೋಡುವವರಿಗಿಂತ ಕೇಳುವವರೇ ಹೆಚ್ಚು.

ಈಗ ಒಂದು ಗುಟ್ಟು. ಈ ಅಂಕಣದಲ್ಲಿ ನೀವು ಓದುವ ಅಭಿಪ್ರಾಯಗಳಲ್ಲಿ ಅರ್ಧ ನನ್ನವಲ್ಲ, ಅಕ್ಕನ ಮಗ್ಗದವು. ಪೇಪರಿನವರು ಸ್ಟಾರ್ ಕೊಡುತ್ತಾರೆ, ಆ ಮಗ್ಗ ಸದ್ದು ಕೊಡುತ್ತದೆ. ಕಾರ್ಯಕ್ರಮ ಬೇಸರವಾದರೆ ಖಟಖಟ ಜೋರಾಗುತ್ತದೆ. ಸುಮಾರಾಗಿದ್ದರೆ ಒಂದೇ ಹದ. ಲಾಳಿ ನಿಂತಿತೋ, ಸಿನಿಮಾ ಚಲೋ ಇದೆ ಎಂದೇ ಅರ್ಥ. ನಾನು ಕಾಟಿನ ಮೇಲೆ ಗಿರಮಿಟ್ ತಿನ್ನುತ್ತ ಕುಳಿತು ಟೀವಿ, ಮಗ್ಗ ಎರಡನ್ನೂ ಕೇಳಿಸಿಕೊಂಡು, ಮನೆಗೆ ಬಂದು ಬರೆಯುತ್ತಿದ್ದೆ.

ಇತ್ತೀಚೆಗೆ ಆ ಮಗ್ಗ ಮೇಲಿಂದ ಮೇಲೆ ನಿಲ್ಲತೊಡಗಿತ್ತು. ಟೀವಿಯವರು ಸುಧಾರಿಸಿದ್ದಾರೆ ಎಂದುಕೊಂಡೆ. ನಿಮಗೆ ನೆನಪಿರಬಹುದು, ಕಳೆದ ತಿಂಗಳು ಒಂದು ಧಾರಾವಾಹಿಯ ಆಸ್ಪತ್ರೆಯ ದೃಶ್ಯವನ್ನು ಇಲ್ಲಿಯೇ ಬಾಯಿತುಂಬ ಹೊಗಳಿದ್ದೆ. ನಾಯಕಿಯ ಕಣ್ಣಿನ ಪಟ್ಟಿಯನ್ನು ಡಾಕ್ಟರು ಸುತ್ತು ಸುತ್ತಾಗಿ ಬಿಚ್ಚುತ್ತಾರೆ, ಅವಳು ಕಣ್ಣು ತೆರೆದು ‘ಡಾಕ್ಟ್ರೇ, ಲೈಟ್ ಯಾಕೆ ಹಾಕಿಲ್ಲ?’ ಎನ್ನುತ್ತಾಳೆ. ಆ ಸಂಜೆ ಮಗ್ಗ ನಿಂತದ್ದು, ಧಾರಾವಾಹಿ ಮುಗಿದರೂ ಶುರುವಾಗಿರಲಿಲ್ಲ. ‘ಹೃದಯ ಹಿಂಡುವ ದೃಶ್ಯ’ ಎಂದು ಬರೆದೆ.

ಇರಲಿ. ಬಾವಿಗೆ ಬರೋಣ.

ಅವತ್ತು ಅಮಾವಾಸ್ಯೆ. ಮಗ್ಗಕ್ಕೆ ರಜೆ. ಸೊಸೆ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದಳು, ಮಗ ಅವಳನ್ನು ಕರೆತರಲು ಹೋಗಿದ್ದ. ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅಮಾವಾಸ್ಯೆಯ ದಿನ ದೆವ್ವದ ಸಿನಿಮಾ ಬೇಡವೆಂದು ನಾನು ಗೋಗರೆದೆ. ದೆವ್ವಕ್ಕೂ ಇವತ್ತು ರಜೆ ಇರುತ್ತದೆ, ಹಚ್ಚು ಎಂದಳು. ಎಷ್ಟೋ ವರ್ಷಗಳ ಮೇಲೆ ಅಕ್ಕ ಟೀವಿಗೆ ಮುಖ ಮಾಡಿ ನನ್ನ ಪಕ್ಕದಲ್ಲಿ ಕುಳಿತಳು.

ನಾಯಕಿ ಬಾವಿಯ ಕಡೆ ನಡೆದಳು. ಹಿನ್ನೆಲೆಯಲ್ಲಿ ಏನೋ ಕಿರ್ ಕಿರ್ ಎನ್ನತೊಡಗಿತು. ನನ್ನ ಹೆಬ್ಬೆರಳು ತಾನಾಗಿಯೇ ರಿಮೋಟಿನ ಮ್ಯೂಟ್ ಒತ್ತಿತು. ಮನೆ ನಿಶ್ಶಬ್ದವಾಯಿತು. ಚಳಿಗಾಲ, ಫ್ಯಾನ್ ಇಲ್ಲ. ಹಗಲು, ಲೈಟ್ ಇಲ್ಲ. ಪರದೆಯ ತುಂಬ ದೆವ್ವ.

ಅಕ್ಕ ಕೇಳಿದಳು, “ಯಾಕೋ ತಮ್ಮಾ, ಕರೆಂಟ್ ಹೋತೇನು?”

ಚೇಷ್ಟೆ ಎಂದುಕೊಂಡೆ. ತಿರುಗಿ ನೋಡಿದೆ. ಟೀವಿಯ ಬೆಳಕು ಅವಳ ಮುಖದ ಮೇಲೆಯೇ ಕುಣಿಯುತ್ತಿತ್ತು. ಕಣ್ಣುಗಳು ತೆರೆದೇ ಇದ್ದವು. ಅವಳು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು.

ಏನಾದರೂ ಕೇಳಬೇಕಿತ್ತು. “ಅಕ್ಕಾ, ಅಕಿ ಉಟ್ಟ ಸೀರಿ ಯಾವ ಬಣ್ಣದ್ದೈತಿ, ಹೇಳು ನೋಡೂಣು.”

“ಬಿಳೀದು” ಎಂದಳು ಥಟ್ಟನೆ. “ದೆವ್ವಕ್ಕ ಯಾರರ ಇಳಕಲ್ ಉಡಸ್ತಾರೇನು?”

ದೆವ್ವ ಹಸಿರು ಸೀರೆ ಉಟ್ಟಿತ್ತು. ಕೆಂಪು ಅಂಚು. (ಹೊಸ ಡೈರೆಕ್ಟರು, ಹೊಸ ವಿಚಾರ.) ಯಾವ ಸಿನಿಮಾ ಆದರೂ ಮೊದಲು ಸೀರೆಯನ್ನೇ ನೋಡಿ, ಆಮೇಲೆ ನಾಯಕಿಯನ್ನು ನೋಡುತ್ತಿದ್ದವಳು ನನ್ನ ಅಕ್ಕ.

ಇಷ್ಟು ವರ್ಷ ಎಷ್ಟೆಷ್ಟೋ ಹೆದರಿಕೆಯ ಚಿತ್ರ ನೋಡಿದ್ದೇನೆ. ಅವತ್ತಿನ ಆ ಎರಡು ನಿಮಿಷದಷ್ಟು ಯಾವುದಕ್ಕೂ ಹೆದರಿಲ್ಲ. ಮ್ಯೂಟ್ ಆಗಲೇ ಒತ್ತಿಯಾಗಿತ್ತು. ಇನ್ನು ಒತ್ತಲು ಯಾವ ಬಟನ್ ಇತ್ತು?

ಸಿಕ್ಕಿಬಿದ್ದದ್ದು ಅವಳಿಗೂ ತಿಳಿಯಿತು. ಮಗನಿಗೆ ಹೇಳಬಾರದು ಎಂದು ಮೊದಲು ಆಣೆ ಹಾಕಿಸಿಕೊಂಡಳು, ಆಮೇಲೆ ಹೇಳಿದಳು. ಶ್ರಾವಣದಿಂದ ಮಸುಕು. ದೀಪಾವಳಿಯ ಹೊತ್ತಿಗೆ ಎಡಗಣ್ಣಿಗೆ ಬೆಳಕು ಕತ್ತಲೆ ಮಾತ್ರ, ಬಲಗಣ್ಣಿಗೆ ಬರೀ ಮಂಜು. ನೇಯುವುದು ಬೆರಳಿನ ಅಂದಾಜಿನ ಮೇಲೆ. ಎಳೆ ಹರಿದರೆ ಲಾಳಿ ನಿಲ್ಲಿಸಿ ತಡವರಿಸಿ ಹುಡುಕಬೇಕು. ಅದಕ್ಕೇ ಮಗ್ಗ ಮೇಲಿಂದ ಮೇಲೆ ನಿಲ್ಲುತ್ತಿತ್ತು. ಟೀವಿಯವರು ಸುಧಾರಿಸಿರಲಿಲ್ಲ.

ಬೆನ್ನು ಹಾಕಿ ಟೀವಿ ಕೇಳುವ ಮನೆಯಲ್ಲಿ, ಕಣ್ಣು ಹೋದದ್ದು ಯಾರಿಗೆ ಗೊತ್ತಾಗಬೇಕು?

ಇದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಇರಬೇಕು, ಈಗ ಅದೇನು ದೊಡ್ಡದಲ್ಲ, ಆಪರೇಶನ್ ಮಾಡಿಸಿದರೆ ಮರುದಿನವೇ ಪಟ್ಟಿ ತೆಗೆಯುತ್ತಾರೆ ಎಂದೆ. ‘ಪಟ್ಟಿ’ ಎಂದ ಕೂಡಲೇ ನನ್ನ ಕೈಯಲ್ಲಿದ್ದ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು. ಆಗ ನನಗೆ ಹೊಳೆಯಿತು. ಆ ಧಾರಾವಾಹಿಯ ಸಂಜೆ ಮಗ್ಗ ನಿಂತದ್ದು ಹರಿದ ಎಳೆಗಾಗಿಯೂ ಅಲ್ಲ. ಬೆನ್ನ ಹಿಂದೆ ಒಬ್ಬಳು ‘ಲೈಟ್ ಯಾಕೆ ಹಾಕಿಲ್ಲ’ ಎಂದು ಕೇಳುತ್ತಿದ್ದಾಗ, ಇವಳು ಕಿಟಕಿಯ ಕಡೆ ಮುಖ ಮಾಡಿ ನಡುಗುತ್ತ ಕುಳಿತಿದ್ದಳು. ನಾನು ಕಾಟಿನ ಮೇಲೆ ಕುಳಿತು ಹೃದಯ ಹಿಂಡುವ ದೃಶ್ಯ ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದೆ.

“ಅದು ಸೀರಿಯಲ್ ಅಕ್ಕಾ, ಖರೆ ಅಲ್ಲ.”

“ಈ ಬಾವಿ ಸಿನಿಮಾನೂ ಖರೆ ಅಲ್ಲ. ನೀ ಯಾಕ ಬಟನ್ ಒತ್ತಿದಿ?”

ನಾನು ರಿಮೋಟ್ ಕೆಳಗಿಟ್ಟೆ. ಅವಳು ದನಿ ತಗ್ಗಿಸಿದಳು. “ಈಗ ಮಂಜ ಮಂಜರ ಕಾಣತೈತಿ. ಕಿಡಕ್ಯಾಗ ಬೆಳಕ ಬಂತು ಅನ್ನೂದರ ತಿಳೀತೈತಿ. ಪಟ್ಟಿ ಬಿಚ್ಚಿದ ಮ್ಯಾಲೆ ಅದೂ ಇಲ್ಲಂದ್ರ ಏನ ಮಾಡ್ಲೋ?”

ಜಗತ್ತಿನ ಎಲ್ಲ ಹೆದರಿಕೆಗಳಿಗೂ ನಾನೊಬ್ಬನೇ ವಾರಸುದಾರ ಎಂದುಕೊಂಡಿದ್ದೆ. ಕಂದೀಲು ಹಿಡಿದು ಮುಂದೆ ನಡೆಯುತ್ತಿದ್ದವಳಿಗೆ ಕತ್ತಲೆಯ ಅಂಜಿಕೆ ಇರಬಹುದು ಎಂದು ಯಾರಿಗೆ ಗೊತ್ತಿತ್ತು?

ಕೊನೆಗೆ ಕರಾರಾಯಿತು. ಬಾವಿಯ ದೃಶ್ಯವನ್ನು ನಾನು ಸೌಂಡ್ ಇಟ್ಟು ಪೂರ್ತಿ ನೋಡಿದರೆ ಅವಳು ಡಾಕ್ಟರ ಹತ್ತಿರ ಬರುತ್ತಾಳೆ. ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದೆ. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಕಿರ್ ಕಿರ್ ಶುರುವಾಯಿತು. ಜೋರಾಯಿತು. ಬನಿಯನ್ ಒದ್ದೆಯಾಯಿತು. ಬಾವಿಯ ರಾಟೆ ತಿರುಗಿತು, ಹಸಿರು ಸೀರೆ ಮೇಲೆ ಬಂತು, ನನ್ನ ಗಂಟಲಿನಿಂದ ಮನುಷ್ಯರದ್ದಲ್ಲದ ಒಂದು ದನಿ ಹೊರಟಿತು.

“ರಾಟಿಗೆ ಎಣ್ಣಿ ಬಿಟ್ಟಿಲ್ಲ, ಅಷ್ಟ” ಎಂದಳು ಅಕ್ಕ. ಆ ಸಿನಿಮಾದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನ ಹತ್ತಿರವೂ ಇಲ್ಲ. ಆದರೆ ನನ್ನ ಮುಂಗೈ ಮೇಲೆ ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಮಗನಿಗೆ ಅವಳೇ ಹೇಳಿದಳು. ಮರುದಿನವೇ ಗದಗಿನ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಎಡಗಣ್ಣಿನ ಪೊರೆ ಬಹಳ ಬಲಿತಿದೆ, ಹಿಂದಿನ ನರ ಹೇಗಿದೆ ಎಂದು ಪೊರೆ ತೆಗೆದ ಮೇಲೆಯೇ ತಿಳಿಯುವುದು ಎಂದರು. ಪೂರ್ತಿ ಕಾಣುತ್ತದಲ್ಲ ಎಂದು ನಾನು ಕೇಳಿದೆ. ಡಾಕ್ಟರು ‘ನೋಡೂಣ್ರಿ’ ಎಂದರು. ಸಿನಿಮಾದ ಡಾಕ್ಟರುಗಳೇ ವಾಸಿ, ಕನ್ನಡಕ ತೆಗೆದು ಏನಾದರೊಂದು ಖಂಡಿತ ಹೇಳುತ್ತಾರೆ. ‘ನೋಡೂಣ್ರಿ’ ಎಂಬ ಮಾತಿಗಿಂತ ಭಯಾನಕ ಡೈಲಾಗ್ ನಾನು ಯಾವ ಚಿತ್ರದಲ್ಲೂ ಕೇಳಿಲ್ಲ.

ಆಪರೇಶನ್ ಇವತ್ತು ಬೆಳಿಗ್ಗೆ ಆಯಿತು. ಇದನ್ನು ಬೆಟಗೇರಿಯ ಅದೇ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಗ್ಗ ಸುಮ್ಮನಿದೆ. ಅಕ್ಕ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಾಟಿನ ಮೇಲೆ ಮಲಗಿದ್ದಾಳೆ. ಟೀವಿಯಲ್ಲಿ ಅತ್ತೆ ಇನ್ನೂ ಪಾಯಸ ತಿರುವುತ್ತಿದ್ದಾಳೆ. ಸದ್ದು ಕಡಿಮೆ ಮಾಡಲೇ ಎಂದು ಕೇಳಿದೆ, ಬೇಡವೆಂದಳು. ಪಟ್ಟಿ ಬಿಚ್ಚುವುದು ನಾಳೆ ಬೆಳಿಗ್ಗೆ. ನಾನು ಹೊರಗೆ ನಿಲ್ಲುತ್ತೇನೆ, ನಿನ್ನ ಮಗ ಒಳಗಿರಲಿ ಎಂದು ಮೆಲ್ಲಗೆ ಹೇಳಿ ನೋಡಿದೆ.

“ನೀನ ಎದುರಿಗೆ ನಿಂದ್ರಬೇಕು” ಎಂದಳು. “ಬಿಚ್ಚೂತನಕ ಮಾತಾಡಿಕೋತ ಇರು. ನೀ ಸುಮ್ಮನಾದ್ರ ನನಗ ಕರೆಂಟ್ ಹೋದಂಗ ಆಗತೈತಿ.”

ನೀವು ಇದನ್ನು ಓದುವ ಹೊತ್ತಿಗೆ ಪಟ್ಟಿ ಬಿಚ್ಚಿಯಾಗಿರುತ್ತದೆ. ನಾನಿನ್ನೂ ಇವತ್ತಿನಲ್ಲೇ ಇದ್ದೇನೆ. ಸಿನಿಮಾ, ಸೀರಿಯಲ್ಲುಗಳ ಬಗ್ಗೆ ಇಷ್ಟು ವರ್ಷ ವಾರವಾರ ಮಾತಾಡಿದವನಿಗೆ ನಾಳೆಯ ಎರಡು ನಿಮಿಷಕ್ಕೆ ಒಂದು ಮಾತೂ ಹೊಳೆಯುತ್ತಿಲ್ಲ.

ಮ್ಯೂಟ್ ಇಲ್ಲದ ಆ ಸೀನಿನಲ್ಲಿ ನಾನು ಏನು ಮಾತಾಡಲಿ, ಹೇಳಿ?